ಗಣೇಶನ ಮದುವೆಯೂ ಬುಡಾಪೆಸ್ಟಿನ ಅಂಗಡಿಯೂ

ನಮ್ಮನೆಯಲ್ಲಿ ಬಹಳ ವರ್ಷ ಎರಡು ಥರದ ಸಿನಿಮಾ ಇದ್ದವು. ಒಂದು, ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಎಲ್ಲರೂ ಹಾಲ್‌ನಲ್ಲಿ ಕಾಲು ಚಾಚಿಕೊಂಡು ನೋಡುವುದು: ಅನಂತನಾಗ್, ಕಾಶೀನಾಥ್, ಜಗ್ಗೇಶ್, ರಮೇಶ್. ಇನ್ನೊಂದು, ಎಲ್ಲರೂ ಮಲಗಿದ ಮೇಲೆ ನಾನೊಬ್ಬಳೇ ಇಯರ್‌ಫೋನ್ ಸಿಕ್ಕಿಸಿಕೊಂಡು ಲ್ಯಾಪ್‌ಟಾಪ್‌ನಲ್ಲಿ ನೋಡುವುದು: ಜಪಾನ್, ಇಟಲಿ, ರಷ್ಯಾ. ಮೊದಲನೆಯದಕ್ಕೆ ಚಕ್ಕುಲಿ, ಎರಡನೆಯದಕ್ಕೆ ನಿದ್ದೆಗೇಡು.

ಎರಡನ್ನೂ ಒಂದೇ ಹಾಲ್‌ಗೆ ತರಬೇಕು ಅಂತ ಹೊರಟೆ. ಶುರುವಿನಲ್ಲೇ ಮುಗ್ಗರಿಸಿದೆ.

ಅವತ್ತು ದೀಪಾವಳಿ ಮುಗಿದ ಮಾರನೇ ದಿನ. ಭಾವ, ನಾದಿನಿ, ಅವರ ಮಕ್ಕಳು ಎಲ್ಲ ಇದ್ದರು. ನಾನು ದೊಡ್ಡ ಮನಸ್ಸು ಮಾಡಿ ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ 'ಸ್ಟಾಕರ್' ಹಾಕಿದೆ. 1979ರದ್ದು, ಎರಡೂವರೆ ಗಂಟೆಗೂ ಜಾಸ್ತಿ. ಅದರಲ್ಲಿ ಮೂವರು ಗಂಡಸರು ಹಳಿಯ ಮೇಲಿನ ಟ್ರಾಲಿಯಲ್ಲಿ ಕೂತು ಹೋಗುವ ದೃಶ್ಯವಿದೆ. ಕ್ಯಾಮೆರಾ ಅವರ ಕತ್ತಿನ ಹಿಂಭಾಗ, ಕೆನ್ನೆ, ಕಿವಿ ನೋಡುತ್ತಾ ಕೂರುತ್ತೆ. ಟಕ್ ಟಕ್ ಸದ್ದು ಬಿಟ್ಟರೆ ನಿಮಿಷಗಟ್ಟಲೆ ಇನ್ನೇನಿಲ್ಲ. ನನಗೆ ಪ್ರಾಣ ಆ ದೃಶ್ಯ. ಭಾವ ಗಡಿಯಾರ ನೋಡಿ, "ಈ ಟ್ರಾಲಿ ಊರು ಮುಟ್ಟೋದು ಯಾವಾಗಮ್ಮಾ? ನಮ್ಮ ಬಸ್ಸು ಆರಕ್ಕೆ" ಅಂದರು. ಅತ್ತೆ ಅಷ್ಟರಲ್ಲಿ ಮೊರದ ತುಂಬ ಹುರುಳಿಕಾಯಿ ತಂದಿಟ್ಟುಕೊಂಡು ನಾರು ತೆಗೆಯುತ್ತಿದ್ದರು. ಮಕ್ಕಳು ಮಹಡಿ ಮೇಲೆ.

ಸಿನಿಮಾದ ತಪ್ಪೇನಿಲ್ಲ. ನಾನು ಅದನ್ನು ಪರೀಕ್ಷೆ ಪೇಪರ್ ಹಂಚಿದ ಹಾಗೆ ಹಂಚಿದ್ದೆ. "ಇದು ತುಂಬಾ ಗಂಭೀರವಾದ್ದು, ಸ್ವಲ್ಪ ಗಮನ ಕೊಟ್ಟು ನೋಡಿ" ಅಂತ ಪೀಠಿಕೆ ಬೇರೆ. ಆ ಮಾತು ಕೇಳಿದ ಮೇಲೆ ಯಾರಿಗೆ ತಾನೇ ಬಸ್ಸು ನೆನಪಾಗಲ್ಲ?

ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. ನಮ್ಮದು ಸಾಗರದ ಹತ್ತಿರದ ಹಳ್ಳಿ, ಹೆಗ್ಗೋಡು ಪಕ್ಕದಲ್ಲೇ. 70ರ ದಶಕದಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜದಿಂದ ಅಲ್ಲಿ ಪ್ರಪಂಚದ ಒಳ್ಳೊಳ್ಳೆ ಸಿನಿಮಾ ತರಿಸಿ ಹಳ್ಳಿಯವರಿಗೆ ತೋರಿಸುತ್ತಿದ್ದರು. ಅಪ್ಪಯ್ಯ 'ಬೈಸಿಕಲ್ ಥೀವ್ಸ್' ನೋಡಿದ್ದು ಅಲ್ಲೇ. ನನ್ನ ಕಥೆ ಪೂರ್ತಿ ಕೇಳಿ ಅವರು ಅಂದಿದ್ದಿಷ್ಟು: "ಕಷ್ಟದ ಸಿನಿಮಾ ಅಂತ ನಮಗೆ ಯಾರೂ ಹೇಳಿರಲಿಲ್ಲ ತಂಗಿ. ಸೈಕಲ್ ಹೋದ್ರೆ ಅವನ ಕೆಲಸ ಹೋಗುತ್ತೆ. ಅದರಲ್ಲಿ ಅರ್ಥ ಆಗದೇ ಇರೋದು ಏನಿದೆ?"

ಆಮೇಲೆ ನಾನು ಪೀಠಿಕೆ ಹಾಕುವುದನ್ನು ಬಿಟ್ಟೆ.

ಮಾತೇ ಇಲ್ಲದ ಸಿನಿಮಾದಿಂದ ಮತ್ತೆ ಶುರು ಮಾಡಿದೆ. ಬಸ್ಟರ್ ಕೀಟನ್‌ನ 'ಶೆರ್ಲಾಕ್ ಜೂನಿಯರ್', 1924ರದ್ದು. ಮುಕ್ಕಾಲು ಗಂಟೆ ಅಷ್ಟೇ. ರಾತ್ರಿ ಚಪಾತಿ ಆದ ಮೇಲೆ, ಮಗಳು ಮಲಗುವುದರೊಳಗೆ ಮುಗಿಯುತ್ತೆ. ಒಬ್ಬ ಪ್ರೊಜೆಕ್ಟರ್ ಆಪರೇಟರ್ ಕೆಲಸದಲ್ಲೇ ನಿದ್ದೆ ಹೋಗಿ, ಕನಸಿನಲ್ಲಿ ಎದ್ದು, ನಡೆದು, ಪರದೆಯೊಳಗೆ ಹತ್ತಿಬಿಡುತ್ತಾನೆ. ಒಳಗೆ ದೃಶ್ಯ ಬದಲಾಗುತ್ತಲೇ ಇರುತ್ತೆ. ಬೆಂಚಿನ ಮೇಲೆ ಕೂರಲು ಹೋದರೆ ಬೆಂಚು ಮಾಯ. ಸಮುದ್ರಕ್ಕೆ ಹಾರಿದರೆ ಹಿಮದ ರಾಶಿಯಲ್ಲಿ ತಲೆ. ಮಗಳು ಮೂರು ಸಲ ಹಿಂದಕ್ಕೆ ಎಳೆಸಿ ನೋಡಿದಳು. ಅದೇ ಸಿನಿಮಾದಲ್ಲಿ ರೈಲ್ವೆ ನೀರಿನ ಟ್ಯಾಂಕಿನಿಂದ ಧೋ ಅಂತ ನೀರು ಸುರಿದು ಅವನನ್ನು ಹಳಿ ಮೇಲೆ ಬೀಳಿಸುವ ದೃಶ್ಯವಿದೆ. ಆವತ್ತು ನಿಜಕ್ಕೂ ಅವನ ಕತ್ತಿನ ಮೂಳೆ ಮುರಿದಿತ್ತು. ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಎಕ್ಸ್-ರೇ ತೆಗೆಸಿದಾಗ. ಇದನ್ನು ಹೇಳಿದ ಮೇಲೆ ಅತ್ತೆ ಮೊರ ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಹಾಕು" ಅಂದರು.

ಇಲ್ಲೇ ಟಿವಿ ವಿಷಯ ಹೇಳಿಬಿಡುತ್ತೇನೆ. ಹಳೆ ಸಿನಿಮಾಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಇವತ್ತಿನ ಟಿವಿಯಲ್ಲಿ ಎಡಬಲ ಎರಡೂ ಕಡೆ ಕಪ್ಪು ಪಟ್ಟಿ ಬರುತ್ತೆ. ನಮ್ಮನೆಯವರು "ಟಿವಿ ಕೆಟ್ಟಿದೆ" ಅಂತ ರಿಮೋಟ್ ಒತ್ತಿ ಚಿತ್ರವನ್ನು ಹಿಗ್ಗಿಸಿದರು. ಕೀಟನ್‌ನ ಮುಖ ಇಡ್ಲಿ ಆಯಿತು. ಕಪ್ಪು ಪಟ್ಟಿ ಇರಲಿ, ಬಿಡಿ. ಇನ್ನೊಂದು, ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಈಗಿನ ಟಿವಿಗಳು ನಡುನಡುವೆ ತಾವೇ ಹುಟ್ಟಿಸಿದ ಚಿತ್ರ ತುಂಬಿ ಎಲ್ಲವನ್ನೂ ನುಣ್ಣಗೆ ಮಾಡುತ್ತವೆ. ಕ್ರಿಕೆಟ್‌ಗೆ ಸರಿ. ಸಿನಿಮಾಗೆ ಹಾಕಿದರೆ ಜಪಾನಿನ ದೊಡ್ಡ ನಿರ್ದೇಶಕ ಕುರೊಸಾವಾ ಕೂಡ ಸಂಜೆ ಧಾರಾವಾಹಿ ಥರ ಕಾಣುತ್ತಾನೆ. ಸೆಟ್ಟಿಂಗ್ಸ್‌ನಲ್ಲಿ ಮೋಷನ್ ಅಂತ ಏನಾದರೂ ಇದ್ದರೆ ಆಫ್ ಮಾಡಿ, ಇಲ್ಲವೇ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದಕ್ಕೆ ಹಾಕಿ. ಲ್ಯಾಪ್‌ಟಾಪ್‌ನಿಂದ ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕುವವರಿಗೆ ಸಬ್‌ಟೈಟಲ್ ಮಾತಿಗಿಂತ ಹಿಂದೆಮುಂದೆ ಆದರೆ ಜಿ ಮತ್ತು ಎಚ್ ಕೀ ಒತ್ತಿ ಸರಿ ಮಾಡಿಕೊಳ್ಳಬಹುದು. ಇದು ತಿಳಿಯದೆ ನಾನು ಒಂದು ಇಡೀ ಸಿನಿಮಾವನ್ನು ಉತ್ತರ ಮೊದಲು, ಪ್ರಶ್ನೆ ಆಮೇಲೆ ನೋಡಿದ್ದೇನೆ.

ಎಲ್ಲ ಸಿನಿಮಾ ಮನೆಗೆ ಹೊಂದುವುದೂ ಇಲ್ಲ. ಫ್ರಾನ್ಸಿನ ಜಾಕ್ ತಾತಿಯ 'ಮೋನ್ ಓಂಕ್ಲ್' ನಮ್ಮ ಹಾಲ್‌ನಲ್ಲಿ ಗೆದ್ದಿತು. ಅವನದೇ 'ಪ್ಲೇಟೈಮ್' ಸೋತಿತು. ಅದನ್ನು 70 ಎಂಎಂನಲ್ಲಿ ತೆಗೆದಿದ್ದಾನೆ. ಪರದೆಯ ಮೂಲೆ ಮೂಲೆಯಲ್ಲಿ ಒಂದೊಂದು ತಮಾಷೆ. 43 ಇಂಚಿನಲ್ಲಿ ಅದೆಲ್ಲ ಇರುವೆ ಸಾಲು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಒಂದು ಶನಿವಾರ 'ಗಣೇಶನ ಮದುವೆ' ನೋಡಿದೆವು. ಎಷ್ಟನೇ ಸಲವೋ ಲೆಕ್ಕವಿಲ್ಲ. 1990ರದ್ದು, ಫಣಿ ರಾಮಚಂದ್ರ ನಿರ್ದೇಶನ. ಒಂದೇ ವಠಾರದಲ್ಲಿರುವ ಅನಂತನಾಗ್, ವಿನಯಾ ಪ್ರಸಾದ್ ಎದುರು ಬದುರು ಸಿಕ್ಕರೆ ಹಾವು ಮುಂಗುಸಿ. ಆದರೆ ಕಾಗದದಲ್ಲಿ ಇಬ್ಬರಿಗೂ ಪ್ರೀತಿ. ಬರೆಯುತ್ತಿರುವುದು ಪಕ್ಕದ ಮನೆಯ ಶತ್ರುವಿಗೇ ಅಂತ ಗೊತ್ತಿಲ್ಲ. ನಡುವೆ ವಠಾರದ ಓನರ್ ಮುಖ್ಯಮಂತ್ರಿ ಚಂದ್ರು.

ಮಾರನೇ ದಿನ ನಾನು ಏನೂ ಹೇಳದೆ ಎರ್ನ್‌ಸ್ಟ್ ಲ್ಯುಬಿಚ್‌ನ 'ದಿ ಶಾಪ್ ಅರೌಂಡ್ ದಿ ಕಾರ್ನರ್' ಹಾಕಿದೆ. 1940ರ ಹಾಲಿವುಡ್ ಸಿನಿಮಾ, ಆದರೆ ಕಥೆ ನಡೆಯುವುದು ಬುಡಾಪೆಸ್ಟ್‌ನಲ್ಲಿ. ಮೂಲ ಒಂದು ಹಂಗೇರಿಯನ್ ನಾಟಕ. ಒಂದೇ ಅಂಗಡಿಯಲ್ಲಿ ಕೆಲಸ ಮಾಡುವ ಜೇಮ್ಸ್ ಸ್ಟೀವರ್ಟ್ ಮತ್ತು ಮಾರ್ಗರೆಟ್ ಸಲವನ್‌ಗೆ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ರಾತ್ರಿ ಮನೆಗೆ ಹೋಗಿ ಇಬ್ಬರೂ ಯಾರೋ ಅಪರಿಚಿತರಿಗೆ ಕಾಗದ ಬರೆಯುತ್ತಾರೆ.

ಸ್ವಲ್ಪ ಹೊತ್ತು ಅತ್ತೆ ಸುಮ್ಮನಿದ್ದರು. ಆಮೇಲೆ ತೊಡೆ ತಟ್ಟಿದರು. "ಇದು ನಮ್ಮ ಗಣೇಶನ ಮದುವೆ ಕಣೇ!"

ಆಮೇಲೆ ನಾನು ಅನುವಾದ ಮಾಡುವ ಅಗತ್ಯವೇ ಬೀಳಲಿಲ್ಲ. ಮುಂದೇನಾಗುತ್ತೆ ಅಂತ ಅತ್ತೆಯೇ ನಮಗೆ ಹೇಳುತ್ತಿದ್ದರು. ಇದು ಅದರ ನಕಲು ಅಂತ ನಾನು ಹೇಳುತ್ತಿಲ್ಲ, ಆ ಜಗಳ ನನಗೆ ಬೇಡ. ಗುಟ್ಟು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಮಜಾ ಬುಡಾಪೆಸ್ಟ್‌ನಲ್ಲೂ ಅದೇ, ವಠಾರದಲ್ಲೂ ಅದೇ.

ಆ ಸಿನಿಮಾದಲ್ಲಿ ಒಂದು ದೃಶ್ಯ ಇದೆ. ಪೋಸ್ಟ್ ಆಫೀಸಿನ ಅಂಚೆ ಡಬ್ಬಗಳ ಸಾಲು. ನಾವು ಒಳಗಡೆಯಿಂದ ನೋಡುತ್ತಿದ್ದೇವೆ. ಆಚೆಯಿಂದ ಪುಟ್ಟ ಬಾಗಿಲು ತೆಗೆದು ಗ್ಲೌಸ್ ಹಾಕಿದ ಒಂದು ಕೈ ಬರುತ್ತೆ. ಡಬ್ಬದೊಳಗೆ ತಡಕಾಡುತ್ತೆ. ಖಾಲಿ. ಕೈ ಹೋಗುತ್ತೆ. ಕಾಗದ ಇಲ್ಲ ಅಂತ ನಂಬಲಾಗದೆ ಅವಳು ಬಗ್ಗಿ ನೋಡುತ್ತಾಳೆ. ಆ ಚೌಕದೊಳಗೆ ಅವಳ ಮುಖ. ಅಷ್ಟೇ ದೃಶ್ಯ.

ಅತ್ತೆ ತಿನ್ನುತ್ತಿದ್ದ ಚಕ್ಕುಲಿ ನಿಂತಿತು. ಮದುವೆಯಾದ ಹೊಸದರಲ್ಲಿ ಮಾವ ಭಿಲಾಯಿಯಲ್ಲಿದ್ದರಂತೆ. ಪೋಸ್ಟ್‌ಮ್ಯಾನ್ ಗೇಟ್ ದಾಟಿ ಮುಂದಕ್ಕೆ ಹೋಗಿಬಿಟ್ಟರೂ ಇವರು ಹೋಗಿ ಡಬ್ಬದೊಳಗೆ ಕೈ ಹಾಕಿ ನೋಡುತ್ತಿದ್ದರಂತೆ, ಎಲ್ಲಾದರೂ ಮೂಲೆಯಲ್ಲಿ ಅಂಟಿಕೊಂಡಿದ್ದರೆ ಅಂತ. "ಡಬ್ಬ ಅಂದ್ರೆ ಇಷ್ಟೇ ಇಷ್ಟು. ಅಂಟಿಕೊಳ್ಳೋಕೆ ಜಾಗ ಎಲ್ಲಿದೆ?" ಅಂತ ತಾವೇ ನಕ್ಕರು. ಹದಿನಾರು ವರ್ಷ ಈ ಮನೆಯಲ್ಲಿದ್ದೇನೆ, ಈ ಕಥೆ ಕೇಳಿರಲಿಲ್ಲ.

ನನಗೆ ಇನ್ನೊಂದು ಲಾಭವೂ ಆಯಿತು. ಲ್ಯುಬಿಚ್‌ಗೆ ಬಾಗಿಲು ಅಂದರೆ ಪ್ರಾಣ. ಯಾರು ಯಾವ ಬಾಗಿಲಿನಿಂದ ಬಂದರು, ಯಾರು ಮುಚ್ಚಿದರು ಎನ್ನುವುದರಲ್ಲೇ ಅರ್ಧ ಕಥೆ ಹೇಳುತ್ತಾನೆ. ಅದನ್ನು ನೋಡಿ ಬಂದು 'ಗಣೇಶನ ಮದುವೆ' ಮತ್ತೆ ಹಾಕಿದಾಗ, ಇಷ್ಟು ವರ್ಷ ಬರೀ ಡೈಲಾಗ್ ಕೇಳುತ್ತಿದ್ದ ನನಗೆ ವಠಾರ ಕಾಣಿಸಿತು. ಒತ್ತೊತ್ತಾದ ಬಾಗಿಲುಗಳು, ಕಿಟಕಿಗಳು, ಎಲ್ಲರೂ ಎಲ್ಲರಿಗೂ ಎಡತಾಕುವ ಜಾಗ. ಅಷ್ಟು ಹತ್ತಿರ ಇದ್ದೂ ಕಾಗದದಲ್ಲೇ ಮಾತಾಡುವುದು ತಮಾಷೆ ಆಗಿದ್ದು ಅದರಿಂದ ಅಲ್ವಾ? ಮೊದಲು ನಾನು ಇಂಥ ಸಿನಿಮಾ ಹಾಕಿಕೊಂಡು ಬಟ್ಟೆ ಮಡಚುತ್ತಿದ್ದೆ, ಫೋನ್ ನೋಡುತ್ತಿದ್ದೆ. ಈಗ ಫೋನ್ ಅಡುಗೆಮನೆಯಲ್ಲಿ. ಎಲ್ಲ ಹಗುರ ಸಿನಿಮಾಗೂ ಈ ಮರ್ಯಾದೆ ಸಲ್ಲುತ್ತೆ ಅಂತಲ್ಲ. ಬಣ್ಣ, ದಪ್ಪ ಹಿಡಿದು ಹೆಂಗಸರನ್ನು ಗೇಲಿ ಮಾಡಿಯೇ ಎರಡು ಗಂಟೆ ತಳ್ಳುವ ಹಳೆಯ ಕಾಮಿಡಿಗಳೂ ಇವೆ. ಮಗಳ ಜೊತೆ ಕೂತಾಗ ಅವು ಹತ್ತೇ ನಿಮಿಷಕ್ಕೆ ಹಳಸುತ್ತವೆ.

ಸಬ್‌ಟೈಟಲ್ ಕಷ್ಟ ಮಾತ್ರ ಉಳಿದೇ ಇತ್ತು. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತೆ, ಆದರೆ ಅಷ್ಟು ಬೇಗ ಆಗಲ್ಲ. ಮೊದಮೊದಲು ನಾನು ಸಾಲು ಸಾಲೂ ಕನ್ನಡದಲ್ಲಿ ಹೇಳುತ್ತಿದ್ದೆ. ಎರಡು ಸಲ ಗುಟ್ಟು ನನ್ನ ಬಾಯಿಂದಲೇ ಮೊದಲು ಬಿತ್ತು. ಮೂಕಿ ಸಿನಿಮಾ ಕಾಲದಲ್ಲಿ ಜಪಾನಿನಲ್ಲಿ ಪರದೆ ಪಕ್ಕ ನಿಂತು ಕಥೆ ಹೇಳುವವರಿದ್ದರು, ಬೆನ್ಶಿ ಅಂತ. ಕುರೊಸಾವಾನ ಅಣ್ಣನೂ ಅದೇ ಕೆಲಸದಲ್ಲಿದ್ದ. ಅಪ್ಪಯ್ಯನಿಗೆ ಇದನ್ನು ಹೇಳಿದರೆ, "ತಾಳಮದ್ದಲೆ ಅರ್ಥಧಾರಿ ಅನ್ನು" ಅಂದರು. "ಭಾಗವತರು ಹಾಡುವಾಗ ಅರ್ಥಧಾರಿ ಬಾಯಿ ಹಾಕ್ತಾನಾ? ಹಾಡು ಮುಗೀಲಿ, ಆಮೇಲೆ ಹೇಳು." ಈಗ ದೃಶ್ಯ ಮುಗಿದ ಮೇಲೆ ಪಾಸ್ ಒತ್ತಿ ಎರಡೇ ಮಾತು ಹೇಳುತ್ತೇನೆ. ಉಳಿದದ್ದು ಮುಖಗಳೇ ಹೇಳುತ್ತವೆ.

ತಿಂಡಿಯಲ್ಲೂ ಒಂದು ಕಟ್ಟುಪಾಡು ಬಂದಿದೆ. ಕಾಮಿಡಿಗೆ ಚಕ್ಕುಲಿ, ಮಂಡಕ್ಕಿ. ಜಪಾನಿನ ನಿರ್ದೇಶಕ ಓಜುವಿನ ಸಿನಿಮಾಗೆ ಕೇಸರಿಬಾತ್, ಬಾಳೆಹಣ್ಣಿನ ರಸಾಯನ, ಹೀಗೆ ಸದ್ದು ಮಾಡದೆ ಇರುವಂಥದ್ದು. ಓಜುವಿನಲ್ಲಿ ಗಡಿಯಾರದ ಟಿಕ್ ಟಿಕ್ಕೂ ಸಂಭಾಷಣೆಯೇ. ಕುರುಂ ಕುರುಂ ನಡುವೆ ಅದು ಕೇಳಿಸಲ್ಲ.

'ಟೋಕಿಯೊ ಸ್ಟೋರಿ' ಹಾಕಿದ ದಿನ ಸೋಫಾ ಬಿಟ್ಟು ಎಲ್ಲರೂ ಚಾಪೆ ಮೇಲೆ ಕೂತೆವು. ಓಜುವಿನ ಕ್ಯಾಮೆರಾ ನೆಲದ ಹತ್ತಿರ, ಚಾಪೆ ಮೇಲೆ ಕೂತವರಿಗಿಂತಲೂ ತುಸು ತಗ್ಗಿನಲ್ಲೇ ಇರುತ್ತೆ. ಎದುರಿಗೆ ನಾವೂ ಕೆಳಗೆ ಕೂತರೆ ಅವರ ಮನೆ ನಮ್ಮ ಹಾಲ್‌ಗೇ ಮುಂದುವರಿದ ಹಾಗಾಗುತ್ತೆ. ವಯಸ್ಸಾದ ಗಂಡ ಹೆಂಡತಿ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ಮಕ್ಕಳಿಗೆ ಪುರುಸೊತ್ತಿಲ್ಲ. "ಸ್ಕೂಲ್ ಮಾಸ್ಟರ್ ಕಥೆ" ಅಂದರು ಅತ್ತೆ. ಪಂತುಲು ಅವರ 1958ರ ಸಿನಿಮಾ, ಅತ್ತೆ ಚಿಕ್ಕವರಿದ್ದಾಗ ಟೆಂಟಿನಲ್ಲಿ ಅತ್ತುಕೊಂಡು ನೋಡಿದ್ದು. ಆದರೆ ಇಲ್ಲಿ ಯಾರೂ ಬಯ್ಯಲ್ಲ, ಯಾರೂ ಹೊರಗೆ ಹಾಕಲ್ಲ. ಮಗಳು ನಯವಾಗಿ ಬಿಸಿನೀರಿನ ಬುಗ್ಗೆಯ ಊರಿಗೆ ಸಾಗಹಾಕುತ್ತಾಳೆ, ಅಷ್ಟೆ. ಚೆನ್ನಾಗಿ ಮಾತಾಡಿಸುವವಳು ಸತ್ತ ಮಗನ ಹೆಂಡತಿ ನೊರಿಕೊ. ಕೊನೆಯಲ್ಲಿ ಮಾವ ತನ್ನ ತೀರಿಹೋದ ಹೆಂಡತಿಯ ಗಡಿಯಾರ ತೆಗೆದು ಆ ಸೊಸೆಗೆ ಕೊಡುತ್ತಾನೆ.

ಅತ್ತೆ ಏನೂ ಅನ್ನಲಿಲ್ಲ. ನಾನೂ ಪಾಸ್ ಒತ್ತಲಿಲ್ಲ. ಸಿನಿಮಾ ಮುಗಿದ ಮೇಲೆ ರಸಾಯನದ ಬಟ್ಟಲುಗಳನ್ನು ಒಂದರೊಳಗೊಂದು ಜೋಡಿಸುತ್ತಾ, "ಆ ಮುದುಕನಿಗೆ ಎಷ್ಟು ವಯಸ್ಸಿರಬಹುದು?" ಅಂದರು.

"ನಲವತ್ತೊಂಬತ್ತು, ಅತ್ತೆ." ಆ ಪಾತ್ರ ಮಾಡಿದ ಚಿಶು ರ‍್ಯೂ ಹುಟ್ಟಿದ್ದು 1904ರಲ್ಲಿ, ಸಿನಿಮಾ 1953ರದ್ದು.

"ಹೋಗೇ, ಸುಳ್ಳು."

"ನಮ್ಮ ಅಶ್ವತ್ಥ್ ಕೂಡ ನಡುವಯಸ್ಸಿನಲ್ಲೇ ಮುದುಕರ ಪಾತ್ರ ಮಾಡ್ತಿದ್ರು ಅಲ್ವಾ?"

ಅದಕ್ಕೆ ಒಪ್ಪಿದರು. "ಆ ಮುದುಕನದು ಇನ್ನೊಂದು ಇದ್ರೆ ಹಾಕು" ಅಂದರು. ಇದೆ, 'ಲೇಟ್ ಸ್ಪ್ರಿಂಗ್'. ನೊರಿಕೊ ಮಾಡಿದ ಸೆತ್ಸುಕೊ ಹಾರಾ ಅದರಲ್ಲಿ ಅವನ ಮಗಳು. ಮದುವೆಗೆ ಬಂದಿರುವ ಮಗಳು. ಆದರೆ ಕ್ಯಾಲೆಂಡರ್‌ನಲ್ಲಿ ಮುಂದಿನ ಶನಿವಾರದ ಸರದಿ ನನ್ನ ಮಗಳದ್ದು, ಅವಳು ಆಗಲೇ 'ಗೌರಿ ಗಣೇಶ' ಅಂತ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾಳೆ. ಅದರ ಮುಂದಿನದು ಇವರದು, ಅದರಲ್ಲಿ ಏನಿದೆಯೋ ದೇವರಿಗೇ ಗೊತ್ತು. ಹಾಗಾಗಿ ಅತ್ತೆ ಇನ್ನೂ ಕಾಯುತ್ತಿದ್ದಾರೆ. ದಿನಕ್ಕೊಂದು ಸಲ ಅಡುಗೆಮನೆಯಲ್ಲಿ ಕೇಳುತ್ತಾರೆ, "ಅದರಲ್ಲಿ ಆ ಹುಡುಗಿಗೆ ಮದುವೆ ಆಗುತ್ತೇನೇ?" ನಾನು ಹೇಳಲ್ಲ.