ಇಂಗ್ಲೆಂಡಿನಲ್ಲಿ ಮಗನ ಹೆಸರಿಗೆ ಪೊಲೀಸರ ಫೋನ್ ಬಂದರೆ: ಶಿರಸಿ, ಕಾರವಾರ ಕಡೆಯ ಅಪ್ಪ-ಅಮ್ಮಂದಿರಿಗೆ

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 10 ವರ್ಷ ತುಂಬಿದ ಮಗುವಿನ ಮೇಲೆ ಕ್ರಿಮಿನಲ್ ಕೇಸು ಹಾಕಬಹುದು. ಇನ್ನೂ ಪ್ರೈಮರಿ ಶಾಲೆಯಲ್ಲಿರುವ ಮಗು! ಊರಿನಿಂದ ಬಂದವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಇದರ ಬೆನ್ನಿಗೇ ಇರುವ ಇನ್ನೊಂದು ಸಂಗತಿ ಮಾತ್ರ ಬಹಳ ಜನಕ್ಕೆ ಗೊತ್ತೇ ಇಲ್ಲ. ಹೀಗೆ ಮೊದಲ ಸಲ ಸಿಕ್ಕಿಬಿದ್ದು ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ ಮಗುವಿನ ಎದುರು ಕೂತು ಮುಂದೇನು ಎಂದು ಗೊತ್ತುಮಾಡುವವರಲ್ಲಿ ಹೆಚ್ಚಿನವರು ಪೊಲೀಸರೂ ಅಲ್ಲ, ಜಡ್ಜರೂ ಅಲ್ಲ. ನಿಮ್ಮದೇ ಪೇಟೆಯ ನಿವೃತ್ತ ಮೇಷ್ಟ್ರು, ಬಸ್ ಡ್ರೈವರ್, ಅಂಗಡಿ ನಡೆಸುವ ಹೆಂಗಸು ಇಂಥವರು. ಸಂಬಳವಿಲ್ಲದ ಕೆಲಸ. ಇವರು ಕೂರುವ ಸಭೆಗೆ 'ಪ್ಯಾನೆಲ್' ಎನ್ನುತ್ತಾರೆ. ಇವರ ಜೊತೆ ಸರಿಯಾಗಿ ನಡೆದುಕೊಂಡರೆ ಅರ್ಧ ಕಷ್ಟ ಅಲ್ಲಿಗೇ ಮುಗಿಯುತ್ತದೆ. ನಮ್ಮವರು ಎಡವುವುದೂ ಅಲ್ಲೇ.

1998ರ ಕ್ರೈಮ್ ಅಂಡ್ ಡಿಸಾರ್ಡರ್ ಕಾಯ್ದೆಯ 37ನೇ ಕಲಮು ಈ ಇಡೀ ವ್ಯವಸ್ಥೆಯ ಮುಖ್ಯ ಗುರಿಯನ್ನು ಒಂದೇ ಮಾತಿನಲ್ಲಿ ಹೇಳುತ್ತದೆ: ಮಕ್ಕಳು ಅಪರಾಧ ಮಾಡದಂತೆ ತಡೆಯುವುದು. ಶಿಕ್ಷಿಸುವುದಲ್ಲ, ತಡೆಯುವುದು. ಅದೇ ಕಾಯ್ದೆಯಂತೆ ಪ್ರತಿ ಪ್ರದೇಶದ ಕೌನ್ಸಿಲ್ಲಿಗೂ ಒಂದು ಯೂತ್ ಅಫೆಂಡಿಂಗ್ ಟೀಮ್ ಇರಬೇಕು. ಈಗ ಬಹಳ ಕಡೆ ಅದಕ್ಕೆ ಯೂತ್ ಜಸ್ಟಿಸ್ ಸರ್ವಿಸ್ ಎಂದು ಹೆಸರು. ಅದರಲ್ಲಿ ಪೊಲೀಸ್, ಪ್ರೊಬೇಷನ್, ಸೋಶಿಯಲ್ ವರ್ಕ್, ಆರೋಗ್ಯ, ಶಿಕ್ಷಣ, ಈ ಐದೂ ಕಡೆಯವರು ಒಟ್ಟಿಗೆ ಕೂರುತ್ತಾರೆ. ನಮ್ಮ ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಸೇವಕರು ಕೂರುತ್ತಾರಲ್ಲ, ಅದರ ದೂರದ ನೆಂಟ ಎಂದುಕೊಳ್ಳಿ. ಆದರೆ ಇವರು ಕೋರ್ಟಿನ ಒಳಗಿಗಿಂತ ಹೊರಗೇ ಹೆಚ್ಚು ಕೆಲಸ ಮಾಡುವವರು.

ಸ್ಕಾಟ್ಲೆಂಡಿನಲ್ಲಿರುವವರು ಒಂದು ವಿಷಯ ನೆನಪಿಡಿ: ಅಲ್ಲಿ ವಯಸ್ಸಿನ ಗಡಿ 12, ಪದ್ಧತಿಯೂ ಬೇರೆ. ಮೂವರು ಸ್ವಯಂಸೇವಕರ ಚಿಲ್ಡ್ರನ್ಸ್ ಹಿಯರಿಂಗ್ 1971ರಿಂದ ನಡೆದುಬಂದಿದೆ. ಕೆಳಗಿನ ವಿವರ ಅಲ್ಲಿಗೆ ಹೊಂದುವುದಿಲ್ಲ.

ಕತ್ತಿಯ ವಿಷಯ ಮೊದಲು

ಶಿರಸಿ, ಸಿದ್ದಾಪುರದ ಕಡೆ ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಇಳಿಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ. ಕಾರವಾರದ ಮೀನುಪೇಟೆಯಲ್ಲೂ ಕತ್ತಿ ಎಂದರೆ ಕೆಲಸದ ಸಾಮಾನು. ಇಲ್ಲಿ ಅದೇ ವಸ್ತು ಮಗುವಿನ ಬ್ಯಾಗಿನಲ್ಲಿ ಸಿಕ್ಕರೆ, ಯಾರಿಗೂ ತೋರಿಸದಿದ್ದರೂ, ಬೀಸದಿದ್ದರೂ, ಬರೀ ಇಟ್ಟುಕೊಂಡಿದ್ದೇ ಅಪರಾಧ. 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ ದೊಡ್ಡವರಿಗೆ ಗರಿಷ್ಠ ಶಿಕ್ಷೆ ನಾಲ್ಕು ವರ್ಷ ಜೈಲು. ವಿನಾಯಿತಿ ಇರುವುದು ಮಡಚುವ ಚಿಕ್ಕ ಚಾಕುವಿಗೆ ಮಾತ್ರ: ಅಲಗು 3 ಇಂಚು, ಅಂದರೆ 7.62 ಸೆಂಟಿಮೀಟರ್ ಮೀರಬಾರದು. ಬಿಚ್ಚಿದ ಮೇಲೆ ಲಾಕ್ ಆಗುವಂಥದ್ದಾದರೆ ಅಲಗು ಎಷ್ಟೇ ಗಿಡ್ಡವಿದ್ದರೂ ವಿನಾಯಿತಿ ಇಲ್ಲ. ಇದ್ದರೂ ಶಾಲೆಗಳು ತಮ್ಮ ನಿಯಮದಲ್ಲಿ ಎಲ್ಲವನ್ನೂ ನಿಷೇಧಿಸಿರುತ್ತವೆ. ಚಾಕು ಇದೆ ಎಂಬ ಅನುಮಾನ ಬಂದರೆ ಹೆಡ್‌ಟೀಚರು ಮಗುವಿನ ಒಪ್ಪಿಗೆ ಇಲ್ಲದೆಯೂ ಬ್ಯಾಗು ಹುಡುಕಿಸಬಹುದು.

'ಸರಿಯಾದ ಕಾರಣ' ಇದ್ದರೆ ಕಾನೂನು ಒಪ್ಪುತ್ತದೆ. ಅಡುಗೆ ಕೆಲಸಕ್ಕೆ ಹೋಗುವವರು ಬಟ್ಟೆಯಲ್ಲಿ ಸುತ್ತಿದ ಚಾಕು ಒಯ್ಯುವುದು ಅಂಥ ಕಾರಣ. 'ಯಾರಾದರೂ ಹೊಡೆದರೆ ಎಂಬ ಭಯಕ್ಕೆ ಇಟ್ಟುಕೊಂಡೆ' ಎಂಬುದು ಹುಡುಗರ ಬಾಯಲ್ಲಿ ಸುಲಭವಾಗಿ ಬರುವ ಉತ್ತರ, ಆದರೆ ಸಾಮಾನ್ಯವಾಗಿ ಕೋರ್ಟು ಅದನ್ನು ಕಾರಣವೆಂದು ಒಪ್ಪುವುದಿಲ್ಲ. ಅಜ್ಜ ಬಂದಾಗ ತಂದ ಅಡಕತ್ತರಿಯನ್ನು ಗೆಳೆಯರಿಗೆ ತೋರಿಸಲು ಶಾಲೆಗೆ ಒಯ್ಯುವುದು ಕೂಡ ಇದೇ ಸಾಲಿಗೆ ಬಂದು ಸೇರಬಹುದು. ಊರಿನ ಸಾಮಾನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿರಲಿ.

ಠಾಣೆಯಲ್ಲಿ ಮೊದಲ ಎರಡು ತಾಸು

18 ತುಂಬದವರನ್ನು ಠಾಣೆಯಲ್ಲಿ ವಿಚಾರಿಸುವಾಗ 'ಅಪ್ರೋಪ್ರಿಯೇಟ್ ಅಡಲ್ಟ್' ಎಂಬ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು. ಸಾಮಾನ್ಯವಾಗಿ ಅಪ್ಪ ಅಥವಾ ಅಮ್ಮ. ಇದು ಸುಮ್ಮನೆ ಕೂರುವ ಕೆಲಸವಲ್ಲ. ಪ್ರಶ್ನೆ ಮಗುವಿಗೆ ಅರ್ಥವಾಗಿಲ್ಲವೆನ್ನಿಸಿದರೆ ನಿಲ್ಲಿಸಬಹುದು, ಸಣ್ಣ ವಿರಾಮ ಕೇಳಬಹುದು, ಪೊಲೀಸರ ರೀತಿ ಸರಿಯಿಲ್ಲವೆಂದರೆ ಅದನ್ನು ದಾಖಲಿಸಿ ಎನ್ನಬಹುದು.

ಸಾಲಿಸಿಟರ್ ಉಚಿತ. ನಿಮ್ಮ ಸಂಬಳ ಎಷ್ಟೇ ಇರಲಿ, ಠಾಣೆಯಲ್ಲಿ ಡ್ಯೂಟಿ ಸಾಲಿಸಿಟರಿಗೆ ಒಂದು ಪೌಂಡೂ ಕೊಡಬೇಕಿಲ್ಲ. ದುಭಾಷಿಯೂ ಉಚಿತ. ಮಗು 'ಬೇಡ' ಎಂದಿದ್ದರೂ ಜೊತೆಗಿರುವ ನೀವು ಸಾಲಿಸಿಟರನ್ನು ಕರೆಸಲು ಹೇಳಬಹುದು. ನಮ್ಮವರು ಇಲ್ಲೇ ಎರಡು ತಪ್ಪು ಮಾಡುತ್ತಾರೆ. ಒಂದು, 'ವಕೀಲರನ್ನು ಕರೆದರೆ ತಪ್ಪು ಮಾಡಿದ್ದೇವೆ ಎಂದು ಒಪ್ಪಿಕೊಂಡಂತೆ' ಎಂಬ ಊರಿನ ಲೆಕ್ಕ. ಇಲ್ಲಿ ಹಾಗಿಲ್ಲ. ಎರಡನೆಯದು ಇನ್ನೂ ದುಬಾರಿ. ಸಾಲಿಸಿಟರ್ ಬರುವ ಮೊದಲು ಮಗನನ್ನು ಮೂಲೆಗೆ ಕರೆದು ಕನ್ನಡದಲ್ಲಿ 'ನಿಜ ಹೇಳು, ನೀನೇ ಮಾಡಿದ್ದಾ?' ಎಂದು ಕೇಳುವುದು. ಸಾಲಿಸಿಟರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ಅಪ್ರೋಪ್ರಿಯೇಟ್ ಅಡಲ್ಟಾಗಿ ಕೂತಿರುವ ನಿಮಗೆ ಹೇಳಿದ್ದಕ್ಕೆ ಆ ರಕ್ಷಣೆ ಇಲ್ಲ. ಏನು ಹೇಳಿದ ಎಂದು ನಿಮ್ಮನ್ನೇ ಮುಂದೆ ಕೇಳಬಹುದು. ಊಟ ಆಯಿತಾ, ಚಳಿ ಆಗ್ತಿದೆಯಾ, ಇಷ್ಟು ಕೇಳಿ ಸಾಕು.

'ಬಂಧನವಲ್ಲ, ಸುಮ್ಮನೆ ಬಂದು ಮಾತಾಡಿ ಹೋಗಿ' ಎಂಬ ಸ್ವಯಂಪ್ರೇರಿತ ಸಂದರ್ಶನಕ್ಕೂ ಇದೇ ನಿಯಮ. ಅದೂ ರೆಕಾರ್ಡ್ ಆಗುತ್ತದೆ, ಅದಕ್ಕೂ ಸಾಲಿಸಿಟರ್ ಉಚಿತ.

ಮನೆಯಲ್ಲಿ ಅಜ್ಜ-ಅಜ್ಜಿ ಮಾತ್ರ ಇದ್ದಾಗ ಪೊಲೀಸರು ಬಾಗಿಲು ತಟ್ಟಿದರೆ, ವಿಸಿಟರ್ ವೀಸಾದಲ್ಲಿರುವ ಹಿರಿಯರು ಹೆದರಿ 'ಯೆಸ್, ಯೆಸ್' ಎನ್ನುತ್ತಾ ಹೋಗುವುದುಂಟು. ನಿಮ್ಮ ನಂಬರನ್ನು, 'ಮಗ ಬರುವವರೆಗೆ ಕಾಯಿರಿ, ಕನ್ನಡ ದುಭಾಷಿ ಬೇಕು' ಎಂಬ ಎರಡು ವಾಕ್ಯದ ಇಂಗ್ಲಿಷನ್ನು ಕಾಗದದ ಮೇಲೆ ಬರೆದು ಫ್ರಿಜ್ಜಿಗೆ ಅಂಟಿಸಿಡಿ.

ಕೋರ್ಟಿಗೆ ಹೋಗದೆ ಮುಗಿಯುವ ದಾರಿಗಳು

ಸಣ್ಣ ಕೇಸುಗಳಲ್ಲಿ ಪೊಲೀಸರು ಕಮ್ಯುನಿಟಿ ರೆಸಲ್ಯೂಷನ್ ಮಾಡಬಹುದು: ಕ್ಷಮೆ, ಮುರಿದದ್ದನ್ನು ಸರಿಪಡಿಸುವುದು, ಇಂಥದ್ದು. ಅದಕ್ಕಿಂತ ಮೇಲಿನದು ಯೂತ್ ಕಾಷನ್, ಅಂದರೆ ದಾಖಲೆಗೆ ಸೇರುವ ಪೊಲೀಸ್ ಎಚ್ಚರಿಕೆ. ಅದಕ್ಕೂ ಮೇಲೆ ಷರತ್ತಿನ ಕಾಷನ್. ಕಾಷನ್ ಬೇಕೆಂದರೆ ಮಗು ತಪ್ಪನ್ನು ಒಪ್ಪಿಕೊಳ್ಳಬೇಕು. 'ಸಹಿ ಹಾಕಿ ಮನೆಗೆ ಹೋಗೋಣ, ನಾಳೆ ಆಫೀಸಿದೆ' ಎಂಬ ಅವಸರದಲ್ಲಿ ಮಾಡದ ತಪ್ಪನ್ನೂ ಒಪ್ಪಿಕೊಂಡು ಬರುವವರಿದ್ದಾರೆ. ಕಾಷನ್ ಶಿಕ್ಷೆಯಲ್ಲ ನಿಜ, ದಾಖಲೆ ಮಾತ್ರ ಉಳಿಯುತ್ತದೆ. ಅದರ ಬಿಸಿ ಎಲ್ಲಿ ತಟ್ಟುತ್ತದೆ ಎಂಬುದು ಮುಂದೆ ಬರುತ್ತದೆ.

ಇದೆಲ್ಲಕ್ಕೂ ಮೊದಲಿನ ಹಂತ ಒಂದಿದೆ: ಕೌನ್ಸಿಲ್ಲಿನ ಅರ್ಲಿ ಹೆಲ್ಪ್, ಯೂತ್ ಜಸ್ಟಿಸ್ ಸರ್ವಿಸ್ಸಿನ ತಡೆ ಕೆಲಸ, ಬೀದಿಯ ಯೂತ್ ಕ್ಲಬ್, ಮೆಂಟರಿಂಗ್ ಸಂಘಗಳು. ಶಾಲೆಯ ಮೂಲಕ ಕೇಳಬಹುದು, ಅನೇಕ ಕೌನ್ಸಿಲ್‌ಗಳಲ್ಲಿ ಅಪ್ಪ-ಅಮ್ಮಂದಿರೇ ನೇರವಾಗಿಯೂ ಕೇಳಬಹುದು. ಇದು ನಿಮ್ಮ ಒಪ್ಪಿಗೆಯ ಮೇಲೆ ನಡೆಯುವ ಸಹಾಯ. 'ಸೋಶಿಯಲ್ ಸರ್ವಿಸಿನವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ' ಎಂಬ ಭಯಕ್ಕೆ ಇದನ್ನು ಬೇಡವೆನ್ನುವವರೇ ಹೆಚ್ಚು. ಮಗುವಿಗೆ ಗಂಭೀರ ಹಾನಿಯಾಗುತ್ತಿದೆ ಎಂಬ ಅನುಮಾನದ ಮೇಲೆ ನಡೆಯುವ ತನಿಖೆ ಬೇರೆ, ಅರ್ಲಿ ಹೆಲ್ಪ್ ಬೇರೆ.

ಮಗನ ಕೈಯಲ್ಲಿ ಎರಡನೇ ಫೋನ್, ನೀವು ಕೊಡಿಸದ ಶೂ, ಗೊತ್ತಿಲ್ಲದ ದೂರದ ಪೇಟೆಯ ರೈಲು ಟಿಕೆಟ್ ಕಂಡರೆ ಅದು ಬರೀ ಹುಡುಗಾಟಿಕೆ ಆಗಿರಲಿಕ್ಕಿಲ್ಲ. ದೊಡ್ಡ ಪೇಟೆಯ ಗ್ಯಾಂಗುಗಳು ಸಣ್ಣ ಪೇಟೆಗಳಿಗೆ ಡ್ರಗ್ಸ್ ಸಾಗಿಸಲು ಮಕ್ಕಳನ್ನು ಬಳಸುವುದಕ್ಕೆ ಇಲ್ಲಿ 'ಕೌಂಟಿ ಲೈನ್ಸ್' ಎನ್ನುತ್ತಾರೆ. ಹಾಗಿದ್ದರೆ ಶಾಲೆಗೂ ಸಾಲಿಸಿಟರಿಗೂ 'ಇವನನ್ನು ಬಳಸಿಕೊಳ್ಳುತ್ತಿದ್ದಾರೆ ಎನ್ನಿಸುತ್ತಿದೆ' ಎಂದು ಅದೇ ಮಾತಿನಲ್ಲಿ ಹೇಳಿ. ಆಗ ಕೌನ್ಸಿಲ್ ಅಥವಾ ಪೊಲೀಸರು ಮಗುವಿನ ವಿಷಯವನ್ನು ನ್ಯಾಷನಲ್ ರೆಫರಲ್ ಮೆಕ್ಯಾನಿಸಮ್ಮಿಗೆ, ಅಂದರೆ ಹೀಗೆ ಬಳಕೆಯಾದವರನ್ನು ಗುರುತಿಸುವ ಸರ್ಕಾರಿ ವ್ಯವಸ್ಥೆಗೆ ಕಳಿಸಬಹುದು. 2015ರ ಮಾಡರ್ನ್ ಸ್ಲೇವರಿ ಕಾಯ್ದೆಯಲ್ಲಿ ಇಂಥ ಮಕ್ಕಳಿಗೆ ಪ್ರತ್ಯೇಕ ರಕ್ಷಣೆಯೂ ಇದೆ. ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಟ್ಟರೆ ಆ ಬಾಗಿಲು ತೆರೆಯುವುದು ತಡವಾಗುತ್ತದೆ.

ಮತ್ತೆ, ಸಿಟ್ಟಿಗೆ ಹೊಡೆಯಬೇಡಿ. ವೇಲ್ಸಿನಲ್ಲಿ 2022ರ ಮಾರ್ಚಿನಿಂದ, ಸ್ಕಾಟ್ಲೆಂಡಿನಲ್ಲಿ 2020ರ ನವೆಂಬರಿನಿಂದ ಮಕ್ಕಳಿಗೆ ಯಾವ ಪೆಟ್ಟೂ ಕಾನೂನುಬಾಹಿರ. ಇಂಗ್ಲೆಂಡಿನಲ್ಲೂ ಬಾಸುಂಡೆ ಬಿದ್ದರೆ ಎರಡನೇ ಕೇಸು ಅಪ್ಪನ ಹೆಸರಿಗೆ.

ಪ್ಯಾನೆಲ್: ಪಂಚಾಯ್ತಿಕೆಯಂತೆ ಕಾಣುತ್ತದೆ, ಆದರೆ ಅಲ್ಲ

ಕೇಸು ಯೂತ್ ಕೋರ್ಟಿಗೆ ಹೋಗಿ, ಜೈಲು ಶಿಕ್ಷೆ ಇರುವ ಅಪರಾಧವನ್ನು ಮಗು ಒಪ್ಪಿಕೊಂಡು, ಅದು ಮೊದಲ ಕೇಸಾಗಿದ್ದರೆ ಬಹುತೇಕ ಬರುವುದು ರೆಫರಲ್ ಆರ್ಡರ್. ಕನಿಷ್ಠ 3 ತಿಂಗಳು, ಗರಿಷ್ಠ 12. ಯೂತ್ ಕೋರ್ಟಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಪತ್ರಿಕೆಯವರು ಬಂದರೂ ಮಗುವಿನ ಹೆಸರು ಹಾಕುವಂತಿಲ್ಲ. 'ಕನ್ನಡ ಸಂಘದವರಿಗೆಲ್ಲ ಗೊತ್ತಾಗುತ್ತದೆ' ಎಂಬ ಚಿಂತೆ ಅಲ್ಲಿಗೇ ಬಿಡಿ. ಗೊತ್ತಾದರೆ ನಮ್ಮ ಬಾಯಿಂದಲೇ ಗೊತ್ತಾಗುವುದು.

ಕೋರ್ಟು ಅವಧಿ ಮಾತ್ರ ನಿಗದಿ ಮಾಡುತ್ತದೆ. ಏನು ಮಾಡಬೇಕು ಎಂಬುದನ್ನು ಬರೆಯುವುದು ಪ್ಯಾನೆಲ್. ಕನಿಷ್ಠ ಇಬ್ಬರು ಊರಿನ ಸ್ವಯಂಸೇವಕರು, ಜೊತೆಗೆ ಯೂತ್ ಜಸ್ಟಿಸ್ ಸರ್ವಿಸ್ಸಿನ ಒಬ್ಬರು. ಜಾಗ ಲೈಬ್ರರಿಯ ಹಿಂದಿನ ಕೋಣೆಯೋ ಸಮುದಾಯ ಭವನವೋ ಆಗಿರುತ್ತದೆ. ಎತ್ತರದ ಕಟ್ಟೆಯಿಲ್ಲ, ಕೋಟಿಲ್ಲ, ಮೇಜಿನ ಸುತ್ತ ಒಂದೇ ಎತ್ತರದ ಕುರ್ಚಿಗಳು. ತೊಂದರೆಗೆ ಒಳಗಾದವರು ಬಯಸಿದರೆ ಅವರೂ ಬರಬಹುದು. ವಕೀಲರು ವಾದ ಮಾಡುವ ಜಾಗ ಇದಲ್ಲ. ಮಗು 16ರ ಒಳಗಿದ್ದರೆ ಪೋಷಕರು ಬರಲೇಬೇಕೆಂದು ಕೋರ್ಟು ಆದೇಶಿಸುತ್ತದೆ. ಪ್ಯಾನೆಲ್ ಒಪ್ಪಿದರೆ ಮಗು ತನಗೆ ಬೇಕಾದ ಒಬ್ಬ ವಯಸ್ಕರನ್ನೂ ಕರೆತರಬಹುದು: ಚಿಕ್ಕಪ್ಪ, ಕ್ರಿಕೆಟ್ ಕೋಚ್, ಯಾರಾದರೂ.

ಮೊದಲ ಪ್ರಶ್ನೆ ಮಗುವಿಗೆ: 'ಅವತ್ತು ಏನಾಯಿತು, ನಿನ್ನ ಮಾತಿನಲ್ಲಿ ಹೇಳು.' ಮಗು ಬಾಯಿ ತೆರೆಯುವುದರೊಳಗೆ ಅಪ್ಪ ಶುರು ಮಾಡುತ್ತಾನೆ: ನಮ್ಮದು ಒಳ್ಳೆಯ ಮನೆತನ, ಕ್ಲಾಸಿನಲ್ಲಿ ಫಸ್ಟು, ಅವನ ದೋಸ್ತಿ ಸರಿಯಿರಲಿಲ್ಲ. ಎಲ್ಲ ನಿಜವೇ ಇರಬಹುದು. ಆದರೆ ಪ್ಯಾನೆಲ್ಲಿನವರು ಹುಡುಕುತ್ತಿರುವುದು ಮನೆತನವನ್ನಲ್ಲ, ಮಗುವಿಗೆ ತಾನೇನು ಮಾಡಿದೆನೆಂದು ತಿಳಿದಿದೆಯೇ ಎಂಬುದನ್ನು. ಬಾಯಿ ಮುಚ್ಚಿ ಕೂರುವುದೇ ಅಲ್ಲಿ ಅಪ್ಪ-ಅಮ್ಮ ಮಾಡಬಹುದಾದ ದೊಡ್ಡ ಸಹಾಯ, ಕೇಳುವವರೆಗೆ.

ಕ್ಷಮಾಪತ್ರದಲ್ಲೂ ಇದೇ ಗತಿ. ನಮ್ಮ ಮಕ್ಕಳ ಪತ್ರ ಬಹುಪಾಲು 'ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ' ಎಂದು ಶುರುವಾಗುತ್ತದೆ. ಕನ್ನಡದಲ್ಲಿ ಅದು ವಿನಯ, ಇಂಗ್ಲಿಷಿನಲ್ಲಿ ಅದು ಜಾರಿಕೊಳ್ಳುವುದು. 'ನಿಮ್ಮ ಸೈಕಲ್ ಒಯ್ದವನು ನಾನು. ಎರಡು ವಾರ ನೀವು ಕೆಲಸಕ್ಕೆ ನಡೆದು ಹೋಗಬೇಕಾಯಿತು' ಎಂದು ಬರೆಯಲಿ. ತೊಂದರೆಗೆ ಒಳಗಾದವರು ಬೇಡವೆಂದರೆ ಪತ್ರವನ್ನು ಕಳಿಸುವುದಿಲ್ಲ, ಆದರೂ ಬರೆಸುತ್ತಾರೆ. ಅವರ ಮನೆಗೆ ನೀವೇ ಹೋಗಿ ಕೈಮುಗಿದು ಬರುವ ಸಾಹಸ ಬೇಡ, ಸಾಕ್ಷಿಗೆ ಬೆದರಿಕೆ ಎಂಬ ಅರ್ಥವೂ ಬಂದೀತು. ಪ್ಯಾನೆಲ್ಲಿಗೆ ತೊಡೆದೇವಿನ ಡಬ್ಬಿಯನ್ನೂ ಒಯ್ಯಬೇಡಿ. ಪ್ರೀತಿಯಿಂದ ಕೊಟ್ಟದ್ದೇ ಇರಲಿ, ಅವರು ಪೇಚಿಗೆ ಸಿಕ್ಕುತ್ತಾರೆ.

ಕೊನೆಗೆ ಒಂದು ಕಾಂಟ್ರಾಕ್ಟ್. ವಾರಕ್ಕೊಮ್ಮೆ ಯೂತ್ ಜಸ್ಟಿಸ್ ಸರ್ವಿಸ್ಸಿನ ವರ್ಕರ್ ಭೇಟಿ, ಇಷ್ಟು ಗಂಟೆ ಪಾರ್ಕು ಸ್ವಚ್ಛತೆಯಂಥ ಕೆಲಸ, ಚಾಕುವಿನ ಬಗ್ಗೆ ತರಗತಿ, ಶಾಲೆಗೆ ತಪ್ಪದೆ ಹೋಗುವುದು. ಸಹಿ ಬೀಳುವ ಮೊದಲು ದಿನ, ಗಂಟೆಗಳನ್ನು ಕ್ಯಾಲೆಂಡರಿಟ್ಟು ನೋಡಿ. ಶನಿವಾರದ ಭರತನಾಟ್ಯವೋ ಅಪ್ಪನ ನೈಟ್ ಶಿಫ್ಟೋ ಅಡ್ಡ ಬಂದರೆ ಆಗಲೇ ಹೇಳಿ, ಬದಲಿಸುತ್ತಾರೆ. ಆರ್ಡರಿನ ಅವಧಿ ಎಣಿಕೆಯಾಗುವುದು ಕೋರ್ಟಿನ ದಿನದಿಂದಲ್ಲ, ಈ ಸಹಿಯಿಂದ. ಮೊದಲ ಸಭೆಯನ್ನು ಮುಂದೂಡಿದಷ್ಟೂ ಮುಗಿಯುವುದೂ ಮುಂದಕ್ಕೆ. ಷರತ್ತು ಪದೇ ಪದೇ ತಪ್ಪಿದರೆ ಕೇಸು ಮತ್ತೆ ಕೋರ್ಟಿಗೆ, ಶಿಕ್ಷೆಯ ಲೆಕ್ಕ ಮೊದಲಿನಿಂದ.

'ಊರಿಗೆ ಕಳಿಸಿಬಿಡೋಣ'

ಠಾಣೆಯಿಂದ ಬಂದ ರಾತ್ರಿಯೇ ಕುಮಟಾದ ಅಜ್ಜಿಗೆ ಫೋನು ಹೋಗುತ್ತದೆ: ಒಂದು ವರ್ಷ ಅಲ್ಲೇ ಇರಲಿ, ಬುದ್ಧಿ ಬರುತ್ತದೆ. ಮಗು ಜಾಮೀನಿನ ಮೇಲಿದ್ದರೆ ಕೋರ್ಟಿನ ದಿನ ತಪ್ಪುವುದೇ ಹೊಸ ಅಪರಾಧ, ವಾರಂಟು ಬರುತ್ತದೆ. ರೆಫರಲ್ ಆರ್ಡರಿದ್ದರೆ ಕಾಂಟ್ರಾಕ್ಟ್ ಮುರಿಯುತ್ತದೆ. ಮಗು ವೀಸಾದ ಮೇಲಿದ್ದರೆ ಮರಳಿ ಬರುವುದೂ ಸಿಕ್ಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಮೊದಲೇ ಟಿಕೆಟ್ ಮಾಡಿಸಿದ್ದರೆ ಮುಚ್ಚಿಡದೆ ವರ್ಕರಿಗೆ ತೋರಿಸಿ. ಮೊದಲೇ ಹೇಳಿದ ಪ್ರಯಾಣಕ್ಕೆ ಸಭೆಯ ದಿನ ಹೊಂದಿಸುವುದು ಅವರಿಗೆ ಹೊಸದೇನಲ್ಲ. ಶಾಲೆಯ ರಜೆ ಮಾತ್ರ ಬೇರೆ ಲೆಕ್ಕ, ಒಪ್ಪಿಗೆಯಿಲ್ಲದ ಗೈರಿಗೆ ದಂಡ ಬೀಳಬಹುದು.

ಶಾಲೆ ಸಸ್ಪೆಂಡ್ ಮಾಡಿದರೆ ಮೊದಲ ಐದು ಶಾಲಾ ದಿನ ಮಗು ಶಾಲೆಯ ಹೊತ್ತಿನಲ್ಲಿ ಹೊರಗೆ ಸುತ್ತದಂತೆ ನೋಡಿಕೊಳ್ಳುವ ಹೊಣೆ ಕಾನೂನಿನಂತೆ ನಿಮ್ಮದು. ಆರನೇ ದಿನದಿಂದ ಪಾಠದ ವ್ಯವಸ್ಥೆ ಅವರದ್ದು. ಆ ಐದು ದಿನ ಒಬ್ಬರು ಆಫೀಸಿಗೆ ರಜೆ ಹಾಕಿ.

ದಾಖಲೆ ಎಲ್ಲಿ ಅಡ್ಡ ಬರುತ್ತದೆ

ಯೂತ್ ಕಾಷನ್ ಕೊಟ್ಟ ಕ್ಷಣವೇ 'ಸ್ಪೆಂಟ್', ಅಂದರೆ ಕಾನೂನಿನ ಲೆಕ್ಕದಲ್ಲಿ ಮುಗಿದ ವಿಷಯ. 2020ರ ನವೆಂಬರಿನಿಂದ ಡಿಬಿಎಸ್ ಪ್ರಮಾಣಪತ್ರದಲ್ಲಿ (ಕೆಲಸಕ್ಕೆ ಸೇರುವಾಗ ಕೇಳುವ ಕ್ರಿಮಿನಲ್ ದಾಖಲೆಯ ಪರಿಶೀಲನೆ) ಅದು ತಾನಾಗಿ ಬರುವುದಿಲ್ಲ. ರೆಫರಲ್ ಆರ್ಡರ್ ಮುಗಿದ ದಿನ ಆ ಶಿಕ್ಷೆಯೂ ಸ್ಪೆಂಟ್. ಸಾಮಾನ್ಯ ಕೆಲಸದ ಅರ್ಜಿಯಲ್ಲಿ ಹೇಳಬೇಕಿಲ್ಲ. ಆದರೆ ಆಸ್ಪತ್ರೆ, ಶಾಲೆಯಂಥ ಕೆಲಸಗಳ ಡಿಬಿಎಸ್ಸಿನಲ್ಲಿ ಕೆಲ ವರ್ಷ ಕಾಣಬಹುದು.

ವೀಸಾ ಮತ್ತು ಪೌರತ್ವದ ಅರ್ಜಿಗೆ ಈ 'ಸ್ಪೆಂಟ್' ಎಂಬ ವಿನಾಯಿತಿಯೇ ಇಲ್ಲ. ಬ್ರಿಟಿಷ್ ಪೌರತ್ವಕ್ಕೆ ಒಳ್ಳೆಯ ನಡತೆಯ ಷರತ್ತು 10 ವರ್ಷ ತುಂಬಿದ ಮಕ್ಕಳಿಗೂ ಅನ್ವಯ. ಕಾಷನ್ ಇದ್ದರೆ ಫಾರ್ಮಿನಲ್ಲಿ ಬರೆಯಲೇಬೇಕು. ಸಣ್ಣ ಕಾಷನ್‌ಗಿಂತ ಅದನ್ನು ಮುಚ್ಚಿಟ್ಟದ್ದೇ ಅರ್ಜಿಗೆ ದೊಡ್ಡ ಏಟಾಗಬಹುದು. ಕಾಷನ್ನಿನ ಕಾಗದ, ಕಾಂಟ್ರಾಕ್ಟ್, ಕೊನೆಯ ಪ್ಯಾನೆಲ್ಲಿನ ಪತ್ರ, ಮೂರನ್ನೂ ಪಾಸ್‌ಪೋರ್ಟಿನ ಫೈಲಿನಲ್ಲೇ ಇಡಿ.

ಮೇಜಿನ ಆ ಕಡೆ ಕೂರುವುದು

ಪ್ಯಾನೆಲ್ಲಿಗೆ ಸ್ವಯಂಸೇವಕರು ಸದಾ ಬೇಕು. 18 ತುಂಬಿರಬೇಕು, ಡಿಬಿಎಸ್ ಪರಿಶೀಲನೆ ಆಗಬೇಕು, ತರಬೇತಿ ಅವರೇ ಕೊಡುತ್ತಾರೆ. ಕಾನೂನಿನ ಪದವಿ ಬೇಕಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಸ್ವಯಂಸೇವೆಗೆ ಅಡ್ಡಿಯಿಲ್ಲ. ನಿಮ್ಮ ಕೌನ್ಸಿಲ್ಲಿನ ಹೆಸರಿನ ಜೊತೆ 'ರೆಫರಲ್ ಆರ್ಡರ್ ಪ್ಯಾನೆಲ್ ವಾಲಂಟಿಯರ್' ಎಂದು ಹುಡುಕಿದರೆ ಅರ್ಜಿ ಸಿಗುತ್ತದೆ. ಬರುವ ಭಾಷೆಗಳನ್ನು ಬರೆಯುವಾಗ ಕನ್ನಡದ ಜೊತೆ ಕೊಂಕಣಿ ಬಂದರೆ ಅದನ್ನೂ ಬರೆಯಿರಿ. ಕಾರವಾರ, ಅಂಕೋಲಾ ಕಡೆಯ ಕೆಲವು ಅಮ್ಮಂದಿರಿಗೆ ಮನಸ್ಸು ಬಿಚ್ಚಲು ಬರುವುದು ಅದೊಂದರಲ್ಲೇ.