ಡಿಸ್ಟ್ರಿಬ್ಯೂಟ್ ಎಲ್ಲಿ, ಶೇರ್ ಎಲ್ಲಿ? ಒಂದು ‘ಕೊ’ ಸಾಕು

ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಪರೀಕ್ಷೆಯಲ್ಲಿ ಬರೆದಿದ್ದಳು: ‘ಐ ಡಿಸ್ಟ್ರಿಬ್ಯೂಟೆಡ್ ಮೈ ಟಿಫಿನ್ ವಿತ್ ಮೈ ಫ್ರೆಂಡ್.’ ಓದಿದ ತಕ್ಷಣ ನನ್ನ ಕಣ್ಣಿಗೆ ಕಟ್ಟಿದ್ದು ನ್ಯಾಯಬೆಲೆ ಅಂಗಡಿ. ಇವಳು ಗಲ್ಲಾದ ಹಿಂದೆ ಕೂತಿದ್ದಾಳೆ, ಗೆಳತಿಯ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಂಡು ಒಂದು ಚಪಾತಿ ಕೊಡುತ್ತಿದ್ದಾಳೆ! ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ಆಮೇಲೆ ಅವಳ ಪುಟ್ಟ ಡಿಕ್ಷನರಿ ತೆಗೆದು ನೋಡಿದರೆ ಡಿಸ್ಟ್ರಿಬ್ಯೂಟ್ ಎದುರು ‘ಹಂಚು’ ಅಂತಿದೆ, ಶೇರ್ ಎದುರಿಗೂ ‘ಹಂಚು’ ಅಂತಲೇ ಇದೆ. ಪಾಪ, ಅವಳೇನು ಮಾಡುತ್ತಾಳೆ?

ಮಾರನೇ ದಿನ ಬೋರ್ಡಿನ ಮೇಲೆ ಎರಡೇ ಪದ ಬರೆದೆ. ಹಂಚಿದಳು. ಹಂಚಿಕೊಂಡಳು. ‘ಆಗಸ್ಟ್ 15ಕ್ಕೆ ಹೆಡ್ ಮಾಸ್ಟರ್ ಲಾಡು ಏನು ಮಾಡಿದರು?’ ಅಂತ ಕೇಳಿದೆ. ‘ಹಂಚಿದರು ಮಿಸ್.’ ‘ನೀನು ನಿನ್ನ ಲಾಡುವನ್ನು ತಂಗಿ ಜೊತೆ?’ ‘ಹಂಚಿಕೊಂಡೆ ಮಿಸ್.’ ಯಾರೂ ತಪ್ಪು ಹೇಳಲಿಲ್ಲ. ನಮ್ಮ ಭಾಷೆಯಲ್ಲೇ ಉತ್ತರ ಇದೆ ನೋಡಿ. ‘ಕೊ’ ಇದ್ದರೆ ಕೊಡುವವರಿಗೂ ಒಂದು ಪಾಲು ಉಂಟು, ಅದು ಶೇರ್. ‘ಕೊ’ ಇಲ್ಲದಿದ್ದರೆ ಒಂದು ಕೈಯಿಂದ ಹಲವು ಕೈಗೆ ಹೋಯಿತು ಅಂತ ಅರ್ಥ, ಅದು ಡಿಸ್ಟ್ರಿಬ್ಯೂಟ್. ಹೆಡ್ ಮಾಸ್ಟರ್ ಕೊನೆಗೆ ಒಂದು ಲಾಡು ತಿಂದಿರಬಹುದು. ವಾಕ್ಯಕ್ಕೆ ಅದು ಬೇಡ.

ಈ ಉಪಾಯ ಒಂದು ಕಡೆ ಕೈಕೊಡುತ್ತದೆ. ಅಣ್ಣತಮ್ಮಂದಿರು ತೋಟ ಹಂಚಿಕೊಂಡರು ಅನ್ನುತ್ತೇವಲ್ಲ, ಅಲ್ಲಿ ಬೇಲಿ ಬಿದ್ದಿದೆ. ಶೇರ್ ಅಂದರೆ ಇಬ್ಬರೂ ಒಟ್ಟಿಗೇ ಉಳುತ್ತಿದ್ದಾರೆ ಅಂತಲೂ ತಿಳಿಯಬಹುದು. ಪಾಲಾಗಿದ್ದರೆ ಡಿವೈಡ್ ಅನ್ನಿ.

ಇನ್ನು ಜೊತೆಗೆ ಬರುವ ಪುಟ್ಟ ಪದಗಳು. ಜಾಸ್ತಿ ತಪ್ಪು ಆಗುವುದು ಇಲ್ಲೇ. ‘ವಿತ್’ ಹೋಗುವುದು ಶೇರ್ ಜೊತೆ. ಡಿಸ್ಟ್ರಿಬ್ಯೂಟ್‌ಗೆ ‘ಟು’ ಅಥವಾ ‘ಅಮಂಗ್’. ‘ಶಿ ಡಿಸ್ಟ್ರಿಬ್ಯೂಟೆಡ್ ದ ಬುಕ್ಸ್ ಟು ದ ಚಿಲ್ಡ್ರನ್.’ ಗಿವ್ ಆದರೆ ‘ಗೇವ್ ದ ಚಿಲ್ಡ್ರನ್ ಬುಕ್ಸ್’ ಅಂತ ಹಿಂದೆಮುಂದೆ ಮಾಡಬಹುದು. ಡಿಸ್ಟ್ರಿಬ್ಯೂಟ್ ಹಾಗೆ ಬಗ್ಗುವುದಿಲ್ಲ. ‘ಡಿಸ್ಟ್ರಿಬ್ಯೂಟೆಡ್ ದ ಚಿಲ್ಡ್ರನ್ ಬುಕ್ಸ್’ ಅಂದರೆ ಮಕ್ಕಳನ್ನೇ ಹಂಚಿಬಿಟ್ಟ ಹಾಗೆ ಕೇಳುತ್ತದೆ. ಪಡೆಯುವವರೂ ಹಲವರು ಇರಬೇಕು. ಒಬ್ಬನಿಗೆ ಡಿಸ್ಟ್ರಿಬ್ಯೂಟ್ ಮಾಡಲು ಆಗದು. ಅಂದಹಾಗೆ ಆಫೀಸಿನವರ ‘ಶೇರ್ ಮಿ ದ ಫೈಲ್’ ಕೂಡ ತಪ್ಪೇ. ‘ಶೇರ್ ದ ಫೈಲ್ ವಿತ್ ಮಿ’ ಆಗಬೇಕು. ನನ್ನ ತಮ್ಮ ದಿನಾ ಹಾಗೇ ಬರೆಯುತ್ತಾನೆ, ಹೇಳಿ ಹೇಳಿ ನನಗೆ ಸಾಕಾಗಿದೆ.

ಹಂಚಿದರೆ ವಸ್ತು ತುಂಡಾಗಲೇಬೇಕು ಅಂತ ಮಕ್ಕಳು ತಿಳಿದಿರುತ್ತಾರೆ. ಹಾಗೇನಿಲ್ಲ. ಪ್ರಶ್ನೆಪತ್ರಿಕೆ ಡಿಸ್ಟ್ರಿಬ್ಯೂಟ್ ಮಾಡಿದರೆ ಪ್ರತಿಯೊಬ್ಬರಿಗೂ ಪೂರ್ತಿ ಒಂದು ಸಿಗುತ್ತದೆ. ಪಕ್ಕದ ಕ್ಲಾಸಿನ ಗಣಿತದ ಮೇಷ್ಟರು ಇದಕ್ಕೆ ಒಳ್ಳೆಯ ಉದಾಹರಣೆ ಕೊಟ್ಟರು. 14ನ್ನು 7ರಿಂದ ಬಾಯಲ್ಲೇ ಗುಣಿಸಬೇಕು ಅನ್ನಿ. 14 ಅಂದರೆ 10 ಮತ್ತು 4. ಆ 7 ಹತ್ತಕ್ಕೂ ಪೂರ್ತಿ, ನಾಲ್ಕಕ್ಕೂ ಪೂರ್ತಿ. 70, 28, ಒಟ್ಟು 98. ವಿಭಾಜಕ ನಿಯಮ ಅಂತ ನಾವು ಓದಿದ್ದು ಇಂಗ್ಲಿಷಿನಲ್ಲಿ ಡಿಸ್ಟ್ರಿಬ್ಯೂಟಿವ್ ಲಾ. ಇಲ್ಲಿ 7 ಒಂದಿಷ್ಟೂ ಒಡೆಯಲಿಲ್ಲ, ಅಲ್ವಾ?

ನೆನಪಿಡಲು ಗಣೇಶನನ್ನು ಹಿಡಿದುಕೊಳ್ಳಿ. ಡಿಸ್ಟ್ರಿಬ್ಯೂಟ್, ಕಾಂಟ್ರಿಬ್ಯೂಟ್ ಎರಡೂ ಲ್ಯಾಟಿನ್‌ನ ಒಂದೇ ಧಾತುವಿನಿಂದ ಬಂದವು. ಅದರ ಅರ್ಥ ಸುಮಾರಾಗಿ ‘ಇಂಥವರಿಗೆ ಇದು ಅಂತ ಕೊಡು’. ‘ಕಾನ್’ ಅಂದರೆ ಒಟ್ಟಿಗೆ, ‘ಡಿಸ್’ ಅಂದರೆ ಬೇರೆ ಬೇರೆ ಕಡೆಗೆ. ಬೀದಿ ಹುಡುಗರು ಚಂದಾ ಎತ್ತಲು ಬಂದಾಗ ನೀವು ಕಾಂಟ್ರಿಬ್ಯೂಟ್ ಮಾಡುತ್ತೀರಿ. ಪೂಜೆ ಮುಗಿದ ಮೇಲೆ ಅವರು ಪ್ರಸಾದ ಡಿಸ್ಟ್ರಿಬ್ಯೂಟ್ ಮಾಡುತ್ತಾರೆ. ನಮ್ಮ ಕ್ಲಾಸಿನಲ್ಲಿ ಇದನ್ನು ಮರೆತವರನ್ನು ನಾನು ಕಂಡಿಲ್ಲ.

ಕೊಡುವವರೇ ಇಲ್ಲದ ಹಂಚಿಕೆಯೂ ಇದೆ. ಆಗುಂಬೆಯಲ್ಲಿ ಬೀಳುವ ಮಳೆಯಲ್ಲಿ ಹತ್ತನೇ ಒಂದು ಪಾಲೂ ಚಳ್ಳಕೆರೆಯಲ್ಲಿ ಬೀಳುವುದಿಲ್ಲ. ‘ರೇನ್‌ಫಾಲ್ ಈಸ್ ಅನ್‌ಈವನ್ಲಿ ಡಿಸ್ಟ್ರಿಬ್ಯೂಟೆಡ್’ ಅನ್ನುತ್ತೇವೆ. ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ಚೀಲ ಹೇರುವವರು ಲಾರಿಯ ಒಂದೇ ಮಗ್ಗುಲಿಗೆ ಭಾರ ಬೀಳದಂತೆ ನೋಡುತ್ತಾರಲ್ಲ, ಅದೂ ವೇಟ್ ಡಿಸ್ಟ್ರಿಬ್ಯೂಟ್ ಮಾಡುವುದೇ.

ನಾನು ಈ ಪದವನ್ನು ಮೊದಲು ಕೇಳಿದ್ದು ಶಾಲೆಯಲ್ಲಲ್ಲ, ಸೋದರಮಾವನ ಪ್ರೆಸ್ಸಿನಲ್ಲಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಮಾವ ‘ಡಿಸ್ಟ್ರಿಬ್ಯೂಟ್ ಮಾಡಮ್ಮ’ ಅನ್ನುತ್ತಿದ್ದರು. ನಾನು ಪತ್ರಿಕೆಯ ಕಟ್ಟು ಎತ್ತಿಕೊಂಡು ಹೊರಟೆ. ಅವರು ಹೇಳಿದ್ದು ಸೀಸದ ಮೊಳೆಗಳ, ಅಂದರೆ ಒಂದೊಂದು ಅಕ್ಷರದ ಅಚ್ಚುಗಳ ವಿಷಯ. ಜೋಡಿಸಿದ ಸಾಲು ಬಿಚ್ಚಿ ‘ಕ’ದ ಮೊಳೆ ‘ಕ’ದ ಮನೆಗೆ, ‘ಮ’ದ ಮೊಳೆ ‘ಮ’ದ ಮನೆಗೆ ವಾಪಸ್ ಹಾಕಬೇಕು. ಮೊಳೆ ಅಚ್ಚಿನ ಕಾಲದಲ್ಲಿ ಇಂಗ್ಲಿಷ್ ಪ್ರೆಸ್ಸಿನವರೂ ಇದಕ್ಕೆ ಇದೇ ಪದ ಹೇಳುತ್ತಿದ್ದರು. ಒಂದೊಂದನ್ನೂ ಅದರದರ ಜಾಗಕ್ಕೆ ಸೇರಿಸುವುದು. ಬೆರಳೆಲ್ಲ ಕಪ್ಪಾಗುತ್ತಿತ್ತು.

ಹಂಚು ಅಂದ ಕಡೆಯೆಲ್ಲ ಡಿಸ್ಟ್ರಿಬ್ಯೂಟ್ ತುರುಕಬೇಡಿ. ಇಸ್ಪೀಟ್ ಎಲೆ ಹಂಚುವುದು ಡೀಲ್. ಸರ್ಕಾರ ಸೈಟ್ ಹಂಚುವುದು ಅಲಾಟ್. ಸಂಬಳದ ಬಟವಾಡೆ ಡಿಸ್‌ಬರ್ಸ್. ಮದುವೆ ಊಟದಲ್ಲಿ ಹೋಳಿಗೆ ಬಡಿಸುವುದು ಸರ್ವ್, ಅಲ್ಲಿ ಡಿಸ್ಟ್ರಿಬ್ಯೂಟ್ ಅಂದರೆ ಪರಿಹಾರ ಕೇಂದ್ರದ ಹಾಗೆ ಕೇಳುತ್ತದೆ. ಕ್ಲಾಸಿನಲ್ಲಿ ಪೇಪರ್ ಕೊಡುವಾಗ ಮಾತಿಗೆ ‘ಗಿವ್ ಔಟ್’, ‘ಹ್ಯಾಂಡ್ ಔಟ್’ ಸಲೀಸು. ‘ಪಾಸ್ ಔಟ್’ಗೂ ಆ ಅರ್ಥ ಇದೆ. ಆದರೆ ಮೂರ್ಛೆ ಬೀಳುವುದಕ್ಕೂ ಅದೇ ಪದ. ನಮ್ಮಲ್ಲಿ ಡಿಗ್ರಿ ಮುಗಿಸಿದ್ದಕ್ಕೂ ಅದನ್ನೇ ಹೇಳುತ್ತಾರೆ. ಸುಮ್ನೆ ಯಾಕೆ ಗೊಂದಲ?

ಆ ಹುಡುಗಿಯ ಉತ್ತರಕ್ಕೆ ಅರ್ಧ ಮಾರ್ಕು ಕೊಟ್ಟೆ. ಮುಂದಿನ ಟೆಸ್ಟಿನಲ್ಲಿ ಅವಳು ಬರೆದದ್ದು: ‘ಮೈ ಮದರ್ ಡಿಸ್ಟ್ರಿಬ್ಯೂಟೆಡ್ ಎಳ್ಳುಬೆಲ್ಲ ಟು ದ ನೇಬರ್ಸ್. ಐ ಶೇರ್ಡ್ ಮೈ ಸಕ್ಕರೆ ಅಚ್ಚು ವಿತ್ ನೋಬಡಿ.’