ತೂಕ ಇಳಿಸುವ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮುನ್ನ ಮತ್ತು ಆನಂತರದ ಊಟ

ಮೊದಲು ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕವನ್ನು ಲೆಕ್ಕ ಹಾಕಿಸಿಕೊಳ್ಳಿ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅದು 35 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಈ ಶಸ್ತ್ರಚಿಕಿತ್ಸೆಯನ್ನು ಸೂಚಿಸಬಹುದು. ಏಷ್ಯಾದವರಿಗೆ ಆ ಮಿತಿ 27.5.

ಈ ಶಸ್ತ್ರಚಿಕಿತ್ಸೆಯ ಒಂದು ಬಗೆಯಾದ ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ಉತ್ಪತ್ತಿಯಾಗುವ ಭಾಗವೂ ಅದರೊಂದಿಗೇ ಹೋಗುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಆದ್ದರಿಂದ ಮನೆಯವರೊಂದಿಗೆ ಕುಳಿತು ಮಾತನಾಡಿ, ತಂಬಾಕನ್ನು ಬಿಟ್ಟ ಮೇಲೆಯೇ ದಿನ ಗೊತ್ತುಮಾಡಿಕೊಳ್ಳಿ.

ಶಸ್ತ್ರಚಿಕಿತ್ಸೆಯಾದ ಮೇಲೆ ಆರಂಭದಲ್ಲಿ ಸೋಸಿದ ಬೇಳೆಕಟ್ಟು, ನೀರುಮಜ್ಜಿಗೆಯಂತಹ ದ್ರವಗಳನ್ನು ಗುಟುಕು ಗುಟುಕಾಗಿ ಕುಡಿಯಬೇಕು. ನಂತರ ನುಣ್ಣಗೆ ರುಬ್ಬಿದ ಆಹಾರ, ಆಮೇಲೆ ಮೆತ್ತನೆಯದು. ಚಿಕ್ಕ ತಟ್ಟೆಯಲ್ಲಿ ಅರ್ಧ ಇಡ್ಲಿಯನ್ನು ಇಪ್ಪತ್ತು ನಿಮಿಷ ಅಗಿದು ತಿನ್ನುವವರಿಗೆ ‘ಇನ್ನೊಂದು ತುತ್ತು’ ಎಂದು ಬಡಿಸುವುದು ಪ್ರೀತಿಯೇ ಆದರೂ, ಅದು ವಾಂತಿಗೆ ದಾರಿಯಾಗುತ್ತದೆ. ಮೊಟ್ಟೆ, ಪನೀರ್‌ನಂತಹ ಪ್ರೋಟೀನನ್ನು ಮೊದಲು ತಿನ್ನಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಊಟವಾದ ಅರ್ಧ ಗಂಟೆಯ ನಂತರವೇ ನೀರು. ವಿಟಮಿನ್ ಬಿ12 ಮುಂತಾದ ಪೂರಕಗಳು ಜೀವನಪೂರ್ತಿ ಅಗತ್ಯ.

ಶಸ್ತ್ರಚಿಕಿತ್ಸೆಯ ನಂತರ ಜ್ವರ, ವೇಗದ ಎದೆಬಡಿತ ಅಥವಾ ತೀವ್ರ ಹೊಟ್ಟೆನೋವು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.